ಕಚೇರಿ ದೂರವಾಣಿ ಮತ್ತು ಧ್ವನಿ ಅಂಚೆಯ ಬಳಕೆ: ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಮಾಹಿತಿ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ದೂರವಾಣಿ ಪ್ರದೇಶಗಳು)

ಜಾತಿ, ಆದಾಯ, ವಾಸಸ್ಥಳ, ವಂಶವೃಕ್ಷ ಮುಂತಾದ ದೃಢೀಕರಣಗಳಿಗಾಗಲಿ, ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ಪಿಂಚಣಿಗಳಿಗಾಗಲಿ ಅರ್ಜಿ ಸಲ್ಲಿಸಿದ ನಂತರ ಅದರ ಸ್ಥಿತಿಯನ್ನು ತಿಳಿಯುವ ಸಲುವಾಗಿ ಸಾರ್ವಜನಿಕರು ಮೇಲಿಂದ ಮೇಲೆ ಕಚೇರಿಗೆ ಬಂದು ಹೋಗುತ್ತಿರುವುದು ಕಂಡುಬರುತ್ತದೆ. ಹನುಮಸಾಗರ ಅಥವಾ ತಾವರಗೇರಾ ಹೋಬಳಿಯ ಕೃಷಿಕರೊಬ್ಬರು ಜಿಲ್ಲಾ ಕೇಂದ್ರಕ್ಕೆ ಬಂದು ಹಿಂದಿರುಗಬೇಕಾದರೆ ಬಸ್ಸಿನ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ದುಡಿಮೆಯನ್ನು ಅರಸಿ ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಗುಳೆ ಹೋದ ಕುಟುಂಬಗಳಿಗೆ ಇದು ಇನ್ನೂ ದುಬಾರಿ. ಇಂತಹ ಬಹುಪಾಲು ಭೇಟಿಗಳ ಕೆಲಸವು ಸರಿಯಾಗಿ ಮಾಡಿದ ಒಂದು ದೂರವಾಣಿ ಕರೆಯಿಂದ ಮುಗಿಯುವಂತಹುದು. ಆದರೆ ದೂರವಾಣಿಯಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಎಂಬುದು ತಿಳಿಯದೆ ಕೆಲವರು ಅರ್ಜಿಯ ಅವಧಿಯನ್ನೇ ಕಳೆದುಕೊಳ್ಳುವುದುಂಟು. ಆದುದರಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಪ್ರದೇಶ ಸಂಕೇತಗಳು

ಜಿಲ್ಲೆಯ ಸ್ಥಿರ ದೂರವಾಣಿಗಳು ನಾಲ್ಕು ಪ್ರದೇಶ ಸಂಕೇತಗಳಲ್ಲಿ ಹಂಚಿಹೋಗಿವೆ. ಕೊಪ್ಪಳಕ್ಕೆ 08539, ಗಂಗಾವತಿಗೆ 08533, ಯಲಬುರ್ಗಾಕ್ಕೆ 08534 ಮತ್ತು ಕುಷ್ಟಗಿಗೆ 08536. ಸಂಕೇತದ ಮುಂದೆ ಆರು ಅಂಕಿಗಳ ಸಂಖ್ಯೆ ಇರುತ್ತದೆ. ಒಂದೇ ಸಂಕೇತದೊಳಗೆ ಸ್ಥಿರ ದೂರವಾಣಿಯಿಂದ ಸ್ಥಿರ ದೂರವಾಣಿಗೆ ಕರೆ ಮಾಡುವವರು ಸಂಕೇತವನ್ನು ಒತ್ತಬೇಕಾಗಿಲ್ಲ. ಮೊಬೈಲ್‌ನಿಂದ ಕರೆ ಮಾಡುವವರು ಪಕ್ಕದ ಬೀದಿಯಲ್ಲಿದ್ದರೂ ಸೊನ್ನೆ ಸಹಿತವಾಗಿ ಪೂರ್ಣ ಸಂಕೇತವನ್ನು ಒತ್ತತಕ್ಕದ್ದು.

ಇಲ್ಲಿ ಒಂದು ಸೂಕ್ಷ್ಮವಿದೆ. ಸೊನ್ನೆಯನ್ನು ಬಿಟ್ಟರೆ ಈ ನಾಲ್ಕೂ ಸಂಕೇತಗಳು 85 ಎಂದು ಆರಂಭವಾಗುತ್ತವೆ. ಮುಂದಿನ ಅಂಕಿಗಳು ಸೇರಿ ಒಟ್ಟು ಹತ್ತು ಅಂಕಿಗಳಾಗುತ್ತವೆ. ನೋಡುವುದಕ್ಕೆ ಅದು ಒಂದು ಮೊಬೈಲ್ ಸಂಖ್ಯೆಯಂತೆಯೇ ಇರುತ್ತದೆ. ಸೊನ್ನೆ ಬಿಟ್ಟು ಒತ್ತಿದ ಕರೆ ತಲುಪದೆ ಹೋಗಬಹುದು. ಅದೇ ರೀತಿ, ಕಚೇರಿಯಿಂದ ಬಂದ ಕರೆಯು ಅರ್ಜಿದಾರರ ಮೊಬೈಲ್ ಪರದೆಯ ಮೇಲೆ 85ರಿಂದ ಆರಂಭವಾಗುವ ಹತ್ತು ಅಂಕಿಯ ಅಪರಿಚಿತ ಸಂಖ್ಯೆಯಾಗಿ ಕಾಣಿಸುತ್ತದೆ. ಯಾರದೋ ಮಾರಾಟದ ಕರೆ ಎಂದು ಭಾವಿಸಿ ಅದನ್ನು ಕಡಿತಗೊಳಿಸುವವರು ಬಹಳ. ದಾಖಲೆಯೊಂದು ಕಡಿಮೆ ಇದೆ ಎಂದು ತಿಳಿಸಲು ಮಾಡಿದ ಕರೆ ಹೀಗೆ ಎರಡು ಬಾರಿ ಕಡಿತವಾದರೆ ವಿಷಯ ನಿರ್ವಾಹಕರು ಕಡತದಲ್ಲಿ ‘ಅರ್ಜಿದಾರರು ಸಂಪರ್ಕಕ್ಕೆ ಸಿಕ್ಕಿರುವುದಿಲ್ಲ’ ಎಂದು ಬರೆದು ಮುಂದಿನ ಕಡತ ತೆಗೆದುಕೊಳ್ಳುತ್ತಾರೆ. ಅರ್ಜಿ ಬಾಕಿ ಇರುವಷ್ಟು ದಿನ 8539, 8533, 8534, 8536 ಎಂದು ಆರಂಭವಾಗುವ ಕರೆಗಳನ್ನು ಸ್ವೀಕರಿಸಿ ನೋಡುವುದು ಉತ್ತಮ.

2018ರಲ್ಲಿ ಕಾರಟಗಿ, ಕನಕಗಿರಿ ಮತ್ತು ಕುಕನೂರು ಹೊಸ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದವು. ಮೊದಲಿನ ಎರಡು ಗಂಗಾವತಿಯಿಂದಲೂ, ಕುಕನೂರು ಯಲಬುರ್ಗಾದಿಂದಲೂ ಬೇರ್ಪಟ್ಟವು. ದೂರವಾಣಿ ಸಂಕೇತಗಳನ್ನು ದೂರಸಂಪರ್ಕದ ವಲಯಗಳಿಗೆ ಅನುಸಾರವಾಗಿ ನಿಗದಿಪಡಿಸಿರುವುದರಿಂದ ತಾಲ್ಲೂಕು ಬದಲಾದ ಮಾತ್ರಕ್ಕೆ ಸಂಕೇತ ಬದಲಾಗುವುದಿಲ್ಲ. ಕುಕನೂರು ತಹಶೀಲ್ದಾರರ ಕಚೇರಿಯನ್ನು ಹುಡುಕುವವರು 08534 ಎಂಬುದನ್ನು ಕಂಡು ‘ಇದು ಯಲಬುರ್ಗಾ ಕಚೇರಿ’ ಎಂದು ಭಾವಿಸುವ ಅಗತ್ಯವಿಲ್ಲ. ಆದರೆ ಅರ್ಜಿ ಯಾವ ತಾಲ್ಲೂಕಿನಲ್ಲಿದೆ ಎಂಬುದನ್ನು ಮಾತ್ರ ಹೊಸ ವಿಂಗಡಣೆಯಂತೆಯೇ ಹೇಳಬೇಕು. ಹಳೆಯ ಪಹಣಿ, ಹಳೆಯ ಶಾಲಾ ದಾಖಲೆಗಳಲ್ಲಿ ಯಲಬುರ್ಗಾ ಎಂದೇ ಇರುವುದರಿಂದ ಈ ಗೊಂದಲ ಇನ್ನೂ ಮುಗಿದಿಲ್ಲ. 1997ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಜಿಲ್ಲೆಯ ಹೆಸರೇ ರಾಯಚೂರು ಎಂದಿರುತ್ತದೆ ಎಂಬುದನ್ನೂ ನೆನಪಿಡಬಹುದು.

ಯಾವ ಕಚೇರಿಗೆ ಕರೆ ಮಾಡಬೇಕು

ತಪ್ಪು ಕಚೇರಿಗೆ ಮಾಡಿದ ಕರೆಯಲ್ಲಿ ಎಷ್ಟು ಸೌಜನ್ಯದಿಂದ ಮಾತನಾಡಿದರೂ ಉತ್ತರ ಸಿಗುವುದಿಲ್ಲ. ಅರ್ಜಿಯನ್ನು ನಾಡ ಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಸಲ್ಲಿಸಿದ್ದರೆ ಮೊದಲ ಕರೆ ಆ ಹೋಬಳಿಯ ನಾಡ ಕಚೇರಿಗೆ ಇರಲಿ. ಅಲ್ಲಿಂದ ಅರ್ಜಿಯು ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಗೆ ಹೋಗುತ್ತದೆ. ‘ಯಾರ ಬಳಿ ಬಾಕಿ ಇದೆ’ ಎಂಬುದನ್ನು ಗಣಕಯಂತ್ರದಲ್ಲಿ ನೋಡಿ ಹೇಳಲು ಅಲ್ಲಿನ ಸಿಬ್ಬಂದಿಗೆ ಸಾಧ್ಯವಿರುತ್ತದೆ.

ಕಲ್ಯಾಣ ಕರ್ನಾಟಕದ ಅರ್ಜಿದಾರರಿಗೆ ವಿಶೇಷವಾದದ್ದು ಸಂವಿಧಾನದ 371(ಜೆ) ಅನುಚ್ಛೇದದಡಿಯ ಅರ್ಹತಾ ಪ್ರಮಾಣಪತ್ರ. ವೃತ್ತಿ ಶಿಕ್ಷಣದ ಸೀಟು ಹಾಗೂ ನೇಮಕಾತಿಯಲ್ಲಿ ಸ್ಥಳೀಯ ವೃಂದದ ಮೀಸಲಾತಿ ಇದರ ಮೇಲೆ ನಿಂತಿರುವುದರಿಂದ ಒಂದು ದಿನದ ವಿಳಂಬವೂ ವಿದ್ಯಾರ್ಥಿಗೆ ಒಂದು ವರ್ಷದ ನಷ್ಟವಾಗಬಹುದು. ಇದನ್ನು ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ದಾಖಲೆ ಪರಿಶೀಲನೆಯ ಹಿಂದಿನ ದಿನ ನಾಡ ಕಚೇರಿಗೆ ಕರೆ ಮಾಡಿ ‘ಪ್ರಮಾಣಪತ್ರ ಕೊಡಿ’ ಎಂದರೆ ಅಲ್ಲಿನವರು ಏನೂ ಮಾಡಲಾಗುವುದಿಲ್ಲ. ಇಂತಹ ಅರ್ಜಿಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ತಾಲ್ಲೂಕು ಕಚೇರಿಯ ವರದಿ ಸಹಾಯಕ ಆಯುಕ್ತರ ಕಚೇರಿಗೆ ಹೋಗಿದೆಯೇ, ಹೋಗಿದ್ದರೆ ಯಾವ ದಿನಾಂಕದಂದು? ಆ ದಿನಾಂಕ ಕೈಯಲ್ಲಿದ್ದರೆ ಮುಂದಿನ ಕಚೇರಿಯಲ್ಲಿ ಕಡತ ಹುಡುಕುವುದು ಸುಲಭ.

ಪಟ್ಟಣ ಪ್ರದೇಶದ ಮನೆ ಖಾತೆ, ನೀರಿನ ಸಂಪರ್ಕ, ವ್ಯಾಪಾರ ಪರವಾನಗಿ ಮುಂತಾದವುಗಳಿಗೆ ಆಯಾ ಸ್ಥಳೀಯ ಸಂಸ್ಥೆಯನ್ನೇ ಸಂಪರ್ಕಿಸತಕ್ಕದ್ದು. ಕೊಪ್ಪಳ ಮತ್ತು ಗಂಗಾವತಿಯಲ್ಲಿ ನಗರಸಭೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯತಿ ಇವೆ. ಗ್ರಾಮಗಳ ನಮೂನೆ 9 ಮತ್ತು 11ಕ್ಕೆ ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳೇ ಸಂಬಂಧಪಟ್ಟವರು. ತಹಶೀಲ್ದಾರರ ಕಚೇರಿಯಲ್ಲಿ ಅದರ ಮಾಹಿತಿ ಇರುವುದಿಲ್ಲ. ವಿದ್ಯುತ್ ದೂರುಗಳು ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿಗೆ ಸೇರಿದವು, ಅದರ ಸಹಾಯವಾಣಿ 1912.

ಕರೆ ಮಾಡುವ ವೇಳೆ

ಕಚೇರಿಯ ವೇಳೆ ಬೆಳಗ್ಗೆ 10ರಿಂದ ಸಂಜೆ 5.30ರವರೆಗೆ. ಎರಡನೆಯ ಹಾಗೂ ನಾಲ್ಕನೆಯ ಶನಿವಾರ ರಜೆ ಇರುತ್ತದೆ. ನಾಲ್ಕನೆಯ ಶನಿವಾರದ ರಜೆ 2019ರಿಂದ ಜಾರಿಗೆ ಬಂದದ್ದು, ಹಲವರಿಗೆ ಇನ್ನೂ ರೂಢಿಯಾಗಿಲ್ಲ. ಬೇಸಿಗೆಯ ತೀವ್ರತೆಯ ಕಾರಣ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಿಗೆ ಸರ್ಕಾರವು ಪ್ರತ್ಯೇಕ ಆದೇಶ ಹೊರಡಿಸಿ ಕಚೇರಿ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ರೂಢಿ ಇದೆ. ಆದೇಶವಾದ ವರ್ಷಗಳಲ್ಲಿ ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ ಕರೆ ಮಾಡಿದರೆ ಗಂಟೆ ಬಾರಿಸುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿರುವ ಬಂಧುಗಳು ಅಲ್ಲಿನ ವೇಳೆಯನ್ನೇ ಲೆಕ್ಕ ಹಿಡಿದು ಕರೆ ಮಾಡಿ, ಯಾರೂ ಎತ್ತುವುದಿಲ್ಲ ಎಂದು ಬೇಸರಿಸುವುದು ಇದೇ ತಿಂಗಳುಗಳಲ್ಲಿ. ಶಾಲಾ ಕಾಲೇಜು ಪ್ರವೇಶಕ್ಕೆ ಪ್ರಮಾಣಪತ್ರಗಳ ಒತ್ತಡ ಹೆಚ್ಚುವುದೂ ಅದೇ ಸಮಯದಲ್ಲಿ.

ಕಚೇರಿ ತೆರೆದ ಮೊದಲ ಅರ್ಧ ಗಂಟೆ ಟಪಾಲು ಮತ್ತು ಹಾಜರಾತಿಯ ಸಮಯ. ಸೋಮವಾರ ಬೆಳಗ್ಗೆ ಎದುರಿಗೆ ನಿಂತ ಜನರ ಸಾಲು ಉದ್ದವಿರುವುದರಿಂದ ದೂರವಾಣಿಗೆ ಗಮನ ಕಡಿಮೆ. ಮಂಗಳವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 11ರಿಂದ 1ರವರೆಗಿನ ಅವಧಿ ಸಾಮಾನ್ಯವಾಗಿ ಅನುಕೂಲಕರ.

ಧ್ವನಿಮುದ್ರಿತ ಸೂಚನೆ ಮತ್ತು ವಿಸ್ತರಣಾ ಸಂಖ್ಯೆ

ಕರ್ನಾಟಕದ ಗ್ರಾಮೀಣ ದೂರವಾಣಿಗೆ ತನ್ನದೇ ಆದ ಒಂದು ಚರಿತ್ರೆ ಇದೆ. ಸಿ-ಡಾಟ್ ಸಂಸ್ಥೆ ಭಾರತದಲ್ಲಿಯೇ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಮೊದಲು ಸ್ಥಾಪನೆಯಾದದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಅದಕ್ಕೂ ಹಿಂದೆ ಹಳ್ಳಿಗಾಡಿನವರು ಟ್ರಂಕ್ ಕರೆ ಕಾಯ್ದಿರಿಸಿ ಗಂಟೆಗಟ್ಟಲೆ ಕಾಯುತ್ತಿದ್ದರು. ಕರೆಯನ್ನು ಜೋಡಿಸುವವರು ಒಬ್ಬ ಮನುಷ್ಯರಾಗಿದ್ದರು. ಈಗ ಆ ಜೋಡಣೆಯ ಕೆಲಸವನ್ನು ಯಂತ್ರ ಮಾಡುತ್ತದೆ. ದೊಡ್ಡ ಕಚೇರಿಗಳಲ್ಲಿ ಹೊರಗಿನ ಸಾಲುಗಳು ಕೆಲವೇ ಇದ್ದು, ಒಳಗಿನ ಮೇಜುಗಳ ದೂರವಾಣಿಗಳು ಇ.ಪಿ.ಎ.ಬಿ.ಎಕ್ಸ್. ಎಂಬ ಪೆಟ್ಟಿಗೆಯ ಮೂಲಕ ಅವುಗಳಿಗೆ ಜೋಡಿಸಲ್ಪಟ್ಟಿರುತ್ತವೆ. ಪ್ರತಿ ಮೇಜಿಗೂ ಒಂದು ಕಿರು ಸಂಖ್ಯೆ ಇರುತ್ತದೆ. ಇದನ್ನೇ ಎಕ್ಸ್‌ಟೆನ್ಷನ್ ಅಥವಾ ವಿಸ್ತರಣಾ ಸಂಖ್ಯೆ ಎನ್ನುವರು.

ಇಂತಹ ವ್ಯವಸ್ಥೆ ಇರುವ ಕಚೇರಿಗೆ ಅಥವಾ ಸಹಾಯವಾಣಿಗೆ ಕರೆ ಮಾಡಿದಾಗ ‘ಕನ್ನಡಕ್ಕಾಗಿ 1 ಒತ್ತಿ’ ಎಂಬಂತಹ ಧ್ವನಿಮುದ್ರಿತ ಸೂಚನೆ ಕೇಳಿಬರುತ್ತದೆ. ಅದು ಯಂತ್ರದ ಧ್ವನಿಯಾದುದರಿಂದ ಅದಕ್ಕೆ ಉತ್ತರಿಸಿ ಪ್ರಯೋಜನವಿಲ್ಲ. ವಯಸ್ಸಾದವರು ‘ಹಲೋ, ಹಲೋ’ ಎಂದು ಕಾಯುತ್ತಾ ಕರೆಯನ್ನೇ ಕಳೆದುಕೊಳ್ಳುವುದನ್ನು ಮನೆಯ ಕಿರಿಯರು ಗಮನಿಸಿ ತಿಳಿಸಿಕೊಡಬೇಕಾಗಿ ಕೋರಲಾಗಿದೆ. ಮೊಬೈಲ್‌ನಲ್ಲಿ ಮಾತನಾಡುವಾಗ ಪರದೆಯಿಂದ ಅಂಕಿಗಳು ಮರೆಯಾಗಿದ್ದರೆ ಕೀಲಿಮಣೆಯ ಗುರುತನ್ನು ಒತ್ತಿ ಮತ್ತೆ ತರಿಸಿಕೊಳ್ಳಬಹುದು. ಸೂಚನೆ ಮುಗಿಯುವವರೆಗೆ ಕಾಯಬೇಕೆಂದಿಲ್ಲ. ವಿಸ್ತರಣಾ ಸಂಖ್ಯೆ ಗೊತ್ತಿದ್ದರೆ ಹೆಚ್ಚಿನ ವ್ಯವಸ್ಥೆಗಳಲ್ಲಿ ನಡುವೆಯೇ ಒತ್ತಬಹುದು.

ಹಳೆಯ ಸ್ಥಿರ ದೂರವಾಣಿ ಉಪಕರಣಗಳಲ್ಲಿ ಪಲ್ಸ್ ಮತ್ತು ಟೋನ್ ಎಂಬ ಎರಡು ವಿಧಾನಗಳಿರುತ್ತವೆ. ಪಲ್ಸ್ ವಿಧಾನದಲ್ಲಿ ಅಂಕಿ ಒತ್ತಿದಾಗ ಟಕಟಕ ಶಬ್ದ ಬರುತ್ತದೆ. ಧ್ವನಿ ಉತ್ತರದ ಯಂತ್ರಕ್ಕೆ ಅದು ಅರ್ಥವಾಗುವುದಿಲ್ಲ. ಟೋನ್ ವಿಧಾನದಲ್ಲಿ ಪ್ರತಿ ಅಂಕಿಗೂ ಎರಡು ಸ್ವರಗಳು ಸೇರಿದ ಬೇರೆ ಬೇರೆ ನಾದ ಹೊರಡುವುದರಿಂದ ಯಂತ್ರವು ಅದನ್ನು ಗುರುತಿಸುತ್ತದೆ. ಉಪಕರಣದ ಅಡಿಯಲ್ಲಿ ಅಥವಾ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಟೋನ್ ಕಡೆಗೆ ಸರಿಸಿದರೆ ಸಾಕು.

ಮೊದಲ ಬಾರಿ ಸಂಬಂಧಪಟ್ಟ ಮೇಜು ಸಿಕ್ಕಾಗ ವಿಸ್ತರಣಾ ಸಂಖ್ಯೆಯನ್ನೂ, ಶಾಖೆಯ ಹೆಸರನ್ನೂ ಕೇಳಿ ಸ್ವೀಕೃತಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸಿಬ್ಬಂದಿಯ ವೈಯಕ್ತಿಕ ಮೊಬೈಲ್ ಸಂಖ್ಯೆಯನ್ನು ಅವಲಂಬಿಸುವುದಕ್ಕಿಂತ ಇದು ಮೇಲು. ವರ್ಗಾವಣೆಯಾದರೆ ಮೊಬೈಲ್ ಅವರೊಂದಿಗೆ ಹೋಗುತ್ತದೆ, ಮೇಜು ಮತ್ತು ಕಡತ ಇಲ್ಲಿಯೇ ಉಳಿಯುತ್ತವೆ.

ಧ್ವನಿ ಅಂಚೆಯಲ್ಲಿ ಸಂದೇಶ ಬಿಡುವ ಕ್ರಮ

ಧ್ವನಿ ಅಂಚೆ, ಅಂದರೆ ವಾಯ್ಸ್ ಮೇಲ್, ಎಲ್ಲ ಕಚೇರಿಗಳಲ್ಲಿಯೂ ಇರುವ ಸೌಲಭ್ಯವಲ್ಲ. ಇರುವಲ್ಲಿ ಅದು ಹೀಗೆ ಕೆಲಸ ಮಾಡುತ್ತದೆ: ಮೇಜಿನ ದೂರವಾಣಿ ಕೆಲವು ಬಾರಿ ಬಾರಿಸಿ ಯಾರೂ ಎತ್ತದಿದ್ದಾಗ ಕರೆಯು ತಾನಾಗಿ ಆ ಮೇಜಿಗೆ ಮೀಸಲಾದ ಧ್ವನಿ ಪೆಟ್ಟಿಗೆಗೆ ಹೋಗುತ್ತದೆ, ಸೂಚನೆಯ ನಂತರ ‘ಬೀಪ್’ ಶಬ್ದ ಬರುತ್ತದೆ, ಶಬ್ದದ ನಂತರ ಹೇಳಿದ್ದು ಮಾತ್ರ ದಾಖಲಾಗುತ್ತದೆ. ಮುಗಿದ ಮೇಲೆ ಕರೆಯನ್ನು ಕಡಿತಗೊಳಿಸಿದರೆ ಸಂದೇಶ ಉಳಿಯುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಹ್ಯಾಶ್ ಗುಂಡಿಯನ್ನು ಒತ್ತಲು ತಿಳಿಸಲಾಗುತ್ತದೆ. ಮೇಜಿನ ಉಪಕರಣದಲ್ಲಿ ದೀಪ ಹೊತ್ತಿಕೊಳ್ಳುವುದರಿಂದ ಅಥವಾ ರಿಸೀವರ್ ಎತ್ತಿದಾಗ ತುಂಡು ತುಂಡಾದ ಸ್ವರ ಕೇಳುವುದರಿಂದ ಸಂದೇಶವಿದೆ ಎಂದು ಸಿಬ್ಬಂದಿಗೆ ತಿಳಿಯುತ್ತದೆ. ಪೆಟ್ಟಿಗೆಯ ಜಾಗವೂ ಪ್ರತಿ ಸಂದೇಶದ ಅವಧಿಯೂ ಮಿತವಾಗಿರುತ್ತವೆ. ಬೀಪ್ ಬಂದ ನಂತರ ಪಕ್ಕದವರೊಂದಿಗೆ ‘ಏನು ಹೇಳಲಿ?’ ಎಂದು ಚರ್ಚಿಸುವಷ್ಟರಲ್ಲಿ ಅವಧಿ ಮುಗಿದುಹೋಗುವುದರಿಂದ, ಹೇಳಬೇಕಾದದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿರುವುದು ಲೇಸು.

ಇಂತಹ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಂದೇಶ ಈ ರೀತಿ ಇರುತ್ತದೆ: ‘ನಮಸ್ಕಾರ್ರೀ ಸಾಹೇಬ್ರ, ನಮ್ಮ ಅರ್ಜಿ ಏನಾತ್ರಿ? ಭಾಳ ದಿನ ಆತ್ರಿ. ಸ್ವಲ್ಪ ಫೋನ್ ಮಾಡ್ರಿ.’ ಇದರಲ್ಲಿ ವಿನಯಕ್ಕೆ ಕೊರತೆ ಇಲ್ಲ. ಆದರೆ ಯಾರು, ಯಾವ ಊರು, ಯಾವ ಅರ್ಜಿ, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬ ನಾಲ್ಕರಲ್ಲಿ ಒಂದೂ ಇಲ್ಲ. ಸಿಬ್ಬಂದಿಗೆ ಮನಸ್ಸಿದ್ದರೂ ಉತ್ತರಿಸಲು ದಾರಿ ಇರುವುದಿಲ್ಲ.

ಅದೇ ಸಂದೇಶವನ್ನು ಹೀಗೆ ಹೇಳಬಹುದು: ‘ನಮಸ್ಕಾರ್ರೀ. ನಾನು ಕೊಪ್ಪಳ ತಾಲ್ಲೂಕು ಹಿರೇಸಿಂದೋಗಿಯಿಂದ ಮಾತಾಡೂದು.’ ಇದರ ಹಿಂದೆಯೇ ತಮ್ಮ ಮತ್ತು ತಂದೆಯ ಅಥವಾ ಗಂಡನ ಹೆಸರು, ಆ ಮೇಲೆ ‘ಮಗಳ ಆದಾಯ ಪ್ರಮಾಣಪತ್ರಕ್ಕ ಜೂನ್ 5ಕ್ಕ ಅರ್ಜಿ ಕೊಟ್ಟೇವ್ರಿ’ ಎಂದು ವಿಷಯ, ಸ್ವೀಕೃತಿಯ ಸಂಖ್ಯೆ, ‘ಜೂನ್ 28ಕ್ಕ ಕಾಲೇಜಿಗೆ ಕೊಡಬೇಕ್ರಿ’ ಎಂದು ಕಾರಣ, ಕೊನೆಗೆ ಮೊಬೈಲ್ ಸಂಖ್ಯೆಯನ್ನು ಎರಡು ಬಾರಿ. ಇಷ್ಟಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಗ್ರಂಥಸ್ಥ ಭಾಷೆಯಲ್ಲಿ ಹೇಳಬೇಕೆಂಬ ನಿಯಮವೇನೂ ಇಲ್ಲ. ಆಡುಮಾತಿನಲ್ಲಿ ನಿಧಾನವಾಗಿ ಹೇಳಿದ್ದು ಅವಸರದಲ್ಲಿ ಓದಿದ ಶಿಷ್ಟ ಕನ್ನಡಕ್ಕಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಊರಿನ ಹೆಸರಿನಲ್ಲಿ ಹಿರೇ ಅಥವಾ ಚಿಕ್ಕ ಎಂಬ ಮೊದಲ ಪದವನ್ನು ಒತ್ತಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಹಿರೇಸಿಂದೋಗಿ ಇದ್ದಂತೆ ಚಿಕ್ಕಸಿಂದೋಗಿಯೂ ಇದೆ, ಹಿರೇಬಗನಾಳ, ಚಿಕ್ಕಬಗನಾಳ, ಹಿರೇಬೆಣಕಲ್, ಚಿಕ್ಕಬೆಣಕಲ್, ಹಿರೇವಂಕಲಕುಂಟಾ, ಚಿಕ್ಕವಂಕಲಕುಂಟಾ, ಹಿರೇಮ್ಯಾಗೇರಿ, ಚಿಕ್ಕಮ್ಯಾಗೇರಿ. ಊರಿನವರು ಮಾತಿನಲ್ಲಿ ಮೊದಲ ಪದವನ್ನು ಬಿಟ್ಟು ‘ಸಿಂದೋಗಿ’, ‘ಬೆಣಕಲ್’ ಎಂದಷ್ಟೇ ಹೇಳುತ್ತಾರೆ. ಊರೊಳಗೆ ಅದು ಸಾಕು. ಕಚೇರಿಯಲ್ಲಿ ಅದು ಎರಡು ಬೇರೆ ಗ್ರಾಮಗಳ ಕಡತ.

ಅಂಕಿಗಳನ್ನು ಒಂದೊಂದಾಗಿ ಹೇಳತಕ್ಕದ್ದು. ‘ಎಪ್ಪತ್ತೆಂಟು’ ಮತ್ತು ‘ಎಂಬತ್ತೆಂಟು’ ಕೆಟ್ಟ ಸಾಲಿನಲ್ಲಿ ಒಂದೇ ರೀತಿ ಕೇಳುತ್ತವೆ. ‘ಏಳು, ಎಂಟು’ ಎಂದರೆ ಆ ಸಂಶಯವಿಲ್ಲ. ಗಂಗಾವತಿ, ಕಾರಟಗಿ ಭಾಗದಲ್ಲಿ ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಅಂಕಿಗಳನ್ನು ಒಂದೇ ಉಸಿರಿನಲ್ಲಿ ಬೆರೆಸುವ ರೂಢಿ ಉಂಟು. ಯಾವುದಾದರೂ ಒಂದೇ ಭಾಷೆಯಲ್ಲಿ ಹೇಳುವುದು ಅನುಕೂಲ. ಸ್ವೀಕೃತಿ ಸಂಖ್ಯೆಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದರೆ ಬಿ, ಡಿ, ಪಿ, ಟಿ ಒಂದೇ ರೀತಿ ಕೇಳಿಸುವುದರಿಂದ ‘ಬಿ ಅಂದರೆ ಬೆಂಗಳೂರು, ಡಿ ಅಂದರೆ ಧಾರವಾಡ’ ಎಂಬಂತೆ ಊರಿನ ಹೆಸರು ಸೇರಿಸಿ ಹೇಳಬಹುದು.

ಜಮೀನಿನ ವಿಷಯದಲ್ಲಿ ಸರ್ವೆ ಸಂಖ್ಯೆ ಮಾತ್ರ ಸಾಲದು, ಹಿಸ್ಸಾ ಸಂಖ್ಯೆಯೂ ಬೇಕು. 2000ದಲ್ಲಿ ಭೂಮಿ ಯೋಜನೆಯಡಿ ಪಹಣಿ ಗಣಕೀಕರಣವಾದ ನಂತರ ಪಹಣಿಯಲ್ಲಿ ಸರ್ವೆ ಸಂಖ್ಯೆ ಮತ್ತು ಹಿಸ್ಸಾದ ನಡುವೆ ಸರ್ನಾಕ್ ಎಂಬ ಕಲಮಿನಲ್ಲಿ ನಕ್ಷತ್ರ ಚಿಹ್ನೆ ಕಾಣುತ್ತದೆ. ಸಂದೇಶದಲ್ಲಿ ಅದನ್ನು ಬಾಯಿಯಲ್ಲಿ ‘ಸ್ಟಾರ್’ ಎಂದು ಹೇಳಿದರೆ ಸಾಕು. ದೂರವಾಣಿಯ ಸ್ಟಾರ್ ಗುಂಡಿಯನ್ನು ಒತ್ತಬಾರದು. ಒತ್ತಿದರೆ ಕೆಲವು ಯಂತ್ರಗಳು ಅದನ್ನು ಆಜ್ಞೆ ಎಂದು ತಿಳಿದು ಸಂದೇಶವನ್ನೇ ಅಳಿಸುತ್ತವೆ.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಓ.ಟಿ.ಪಿ. ಇವುಗಳನ್ನು ಧ್ವನಿ ಸಂದೇಶದಲ್ಲಿ ಹೇಳಬಾರದು. ಪೆಟ್ಟಿಗೆಯನ್ನು ಒಬ್ಬರಿಗಿಂತ ಹೆಚ್ಚು ಜನ ಕೇಳುವ ಸಂಭವವಿದೆ.

ಕಚೇರಿಯಿಂದ ಮರುಕರೆ ಬಾರದಿರಲು ಒಂದು ತಾಂತ್ರಿಕ ಕಾರಣವೂ ಇರಬಹುದು. ದಿನಾಂಕ 15-01-2021ರಿಂದ ದೇಶದಾದ್ಯಂತ ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡುವಾಗ ಸಂಖ್ಯೆಯ ಮೊದಲು ಸೊನ್ನೆ ಒತ್ತುವುದು ಕಡ್ಡಾಯವಾಗಿದೆ. ವೆಚ್ಚದ ನಿಯಂತ್ರಣಕ್ಕಾಗಿ ಕೆಲವು ವಿಸ್ತರಣಾ ದೂರವಾಣಿಗಳಲ್ಲಿ ಹೊರಗಿನ ಕರೆಗಳನ್ನು ನಿರ್ಬಂಧಿಸಿರುವುದೂ ಉಂಟು. ಆದುದರಿಂದ ಎರಡು ಕೆಲಸದ ದಿನಗಳಲ್ಲಿ ಮರುಕರೆ ಬಾರದಿದ್ದರೆ ಇನ್ನೊಂದು ಸಂದೇಶ ಬಿಡುವ ಬದಲು ನೇರವಾಗಿ ಕರೆ ಮಾಡುವುದು ಅಥವಾ ಲಿಖಿತವಾಗಿ ಕೇಳುವುದು ಸೂಕ್ತ.

ದೂರವಾಣಿ ಕರೆ ಅರ್ಜಿಯಲ್ಲ

ಈ ಪುಟದಲ್ಲಿ ಅತ್ಯಂತ ಗಮನಿಸಬೇಕಾದ ವಿಷಯ ಇದು. ದೂರವಾಣಿಯಲ್ಲಿ ಹೇಳಿದ್ದರಿಂದ, ಧ್ವನಿ ಸಂದೇಶ ಬಿಟ್ಟಿದ್ದರಿಂದ, ಸಿಬ್ಬಂದಿ ‘ಆಯ್ತು, ಮಾಡ್ತೀವಿ’ ಎಂದಿದ್ದರಿಂದ ಯಾವುದೇ ಕಾಲಮಿತಿ ಆರಂಭವಾಗುವುದಿಲ್ಲ. ಲೆಕ್ಕಪತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವೋಚರ್ ಇಲ್ಲದ ಪಾವತಿ. ಹಣ ಹೋಗಿರುವುದು ನಿಜವಾದರೂ ತಪಾಸಣೆಯಲ್ಲಿ ನಿಲ್ಲುವುದಿಲ್ಲ.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಪ್ರಕಾರ ನಿಗದಿತ ಸೇವೆಗಳನ್ನು ನಿಗದಿತ ದಿನಗಳಲ್ಲಿ ಒದಗಿಸತಕ್ಕದ್ದು. ಔರಾದ್, ಧಾರವಾಡ, ಚಿತ್ರದುರ್ಗ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ 2012ರ ಮಾರ್ಚ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ವ್ಯವಸ್ಥೆ ಅದೇ ವರ್ಷದ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದಿತು. ಅರ್ಜಿಯನ್ನು ಅಗತ್ಯ ದಾಖಲೆಗಳೊಂದಿಗೆ ಸ್ವೀಕರಿಸಿದಾಗ 15 ಅಂಕೆ-ಅಕ್ಷರಗಳ ಜಿ.ಎಸ್.ಸಿ. ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ದಿನಗಳ ಎಣಿಕೆ ಇದರ ಮೇಲೆ ನಡೆಯುತ್ತದೆ. ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಲು, ಮೊದಲು ಸಕ್ಷಮ ಅಧಿಕಾರಿಗೂ ನಂತರ ಮೇಲ್ಮನವಿ ಪ್ರಾಧಿಕಾರಕ್ಕೂ ಮನವಿ ಸಲ್ಲಿಸಲು ಅವಕಾಶವಿದೆ. ಮೊತ್ತ ಸಣ್ಣದು, ಒಪ್ಪತಕ್ಕ ಮಾತೇ. ಆದರೆ ಅದು ವಿಳಂಬಕ್ಕೆ ಕಾರಣರಾದವರ ಮೇಲೆ ಬೀಳುವುದರಿಂದ ಅದರ ತೂಕ ಮೊತ್ತಕ್ಕಿಂತ ಹೆಚ್ಚು. ಜಿ.ಎಸ್.ಸಿ. ಸಂಖ್ಯೆ ಇಲ್ಲದವರಿಗೆ ಇದಾವುದೂ ದೊರೆಯುವುದಿಲ್ಲ. ‘ಮೊದಲು ಫೋನ್‌ನಲ್ಲಿ ಹೇಳಿಟ್ಟಿದ್ದೇವೆ, ಕಾಗದ ಆಮೇಲೆ ಕೊಡುತ್ತೇವೆ’ ಎಂದು ಕಾಯುವವರು ಈ ಕಾರಣದಿಂದ ನಷ್ಟಕ್ಕೆ ಒಳಗಾಗುತ್ತಾರೆ. ಸಕಾಲ ಸಹಾಯವಾಣಿಯ ಸಂಖ್ಯೆ 080-44554455.

ಅರ್ಜಿ ತಿರಸ್ಕೃತವಾಗಿದೆ ಎಂದು ದೂರವಾಣಿಯಲ್ಲಿ ತಿಳಿದುಬಂದರೆ ಕಾರಣ ಸಹಿತವಾದ ಲಿಖಿತ ಹಿಂಬರಹವನ್ನು ಕೇಳಿ ಪಡೆಯತಕ್ಕದ್ದು. ಮೇಲ್ಮನವಿಗೆ ಆಧಾರವಾಗುವುದು ಹಿಂಬರಹವೇ ಹೊರತು ಕರೆಯಲ್ಲಿ ಹೇಳಿದ ಮಾತಲ್ಲ.

ಮಾಹಿತಿ ಹಕ್ಕು ಅಧಿನಿಯಮ, 2005ರಡಿಯಲ್ಲಿಯೂ ಕೋರಿಕೆ ಲಿಖಿತವಾಗಿ ಅಥವಾ ವಿದ್ಯುನ್ಮಾನ ರೂಪದಲ್ಲಿರಬೇಕು. ರಾಜ್ಯದಲ್ಲಿ ಶುಲ್ಕ ರೂ. 10, ಉತ್ತರದ ಅವಧಿ 30 ದಿನ. ಆದರೆ ಬರೆಯಲು ಅಶಕ್ತರಾದವರು ಮೌಖಿಕವಾಗಿ ಹೇಳಿದ ಕೋರಿಕೆಯನ್ನು ಬರಹಕ್ಕಿಳಿಸಲು ಸಾರ್ವಜನಿಕ ಮಾಹಿತಿ ಅಧಿಕಾರಿಯು ಸೂಕ್ತ ನೆರವು ನೀಡಬೇಕೆಂದು ಅದೇ ಅಧಿನಿಯಮದ 6ನೆಯ ಪ್ರಕರಣ ಹೇಳುತ್ತದೆ. ಓದು ಬರಹ ಬಾರದವರು ಈ ಹಕ್ಕನ್ನು ಕೇಳಿ ಪಡೆಯಬಹುದು. ಇದನ್ನು ಬಳಸುವವರು ವಿರಳ.

ಕಚೇರಿ ಉತ್ತರಿಸದಿದ್ದಾಗ

ಕಚೇರಿಯ ದೂರವಾಣಿ ಸತತವಾಗಿ ಉತ್ತರಿಸದಿದ್ದಲ್ಲಿ ಅಥವಾ ಕುಂದುಕೊರತೆ ಇದ್ದಲ್ಲಿ ರಾಜ್ಯದ ಸಮಗ್ರ ಸಾರ್ವಜನಿಕ ಕುಂದುಕೊರತೆ ನಿವಾರಣಾ ವ್ಯವಸ್ಥೆಯಾದ ಜನಸ್ಪಂದನದ 1902 ಸಂಖ್ಯೆಗೆ ಕರೆ ಮಾಡಬಹುದು. 2021ರಲ್ಲಿ ಆರಂಭವಾದ ಈ ವ್ಯವಸ್ಥೆಗೆ ಪ್ರದೇಶ ಸಂಕೇತದ ಅಗತ್ಯವಿಲ್ಲ. ಕಚೇರಿಯ ಧ್ವನಿ ಪೆಟ್ಟಿಗೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಇಲ್ಲಿ ದೂರಿಗೆ ಒಂದು ಸಂಖ್ಯೆ ದೊರೆಯುತ್ತದೆ ಮತ್ತು ದೂರು ಸಂಬಂಧಪಟ್ಟ ಇಲಾಖೆಗೆ ವರ್ಗವಾಗಿ ದಾಖಲೆಯಲ್ಲಿ ಉಳಿಯುತ್ತದೆ. ಸಂಖ್ಯೆಯನ್ನು ಬರೆದುಕೊಳ್ಳದೆ ಕರೆಯನ್ನು ಮುಗಿಸಬಾರದು. ‘ಯಾರೂ ಕೆಲಸ ಮಾಡುವುದಿಲ್ಲ’ ಎಂಬ ದೂರನ್ನು ಪರಿಶೀಲಿಸಲಾಗುವುದಿಲ್ಲ. ಇಂತಹ ಸಂಖ್ಯೆಯ ಅರ್ಜಿ, ಇಂತಹ ದಿನಾಂಕದಿಂದ, ಇಂತಹ ಕಚೇರಿಯಲ್ಲಿ ಬಾಕಿ ಇದೆ ಎಂಬ ದೂರಿಗೆ ಉತ್ತರ ಕೊಡಲೇಬೇಕಾಗುತ್ತದೆ.

ತುರ್ತು ಸಂಖ್ಯೆಗಳಾದ 112 ಮತ್ತು ಅಂಬುಲೆನ್ಸ್‌ನ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಇವುಗಳನ್ನು ಅರ್ಜಿಯ ವಿಚಾರಣೆಗೆ ಬಳಸಬಾರದು. ಇದು ಬರಿಯ ಔಪಚಾರಿಕ ಸೂಚನೆಯಲ್ಲ. 2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ನೀರನ್ನು ನದಿಗೆ ಬಿಡಬೇಕಾಯಿತು. ಅಂತಹ ರಾತ್ರಿಯಲ್ಲಿ ನದಿ ಪಾತ್ರದ ಊರುಗಳವರ ಒಂದು ಕರೆ ನಿಯಂತ್ರಣ ಕೊಠಡಿಗೆ ತಲುಪದಿದ್ದರೆ ಅದರ ಪರಿಣಾಮ ಬೇರೆಯೇ. ನದಿ ತೀರದ ಗ್ರಾಮಗಳ ನಿವಾಸಿಗಳು 1077 ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲು ಕೋರಲಾಗಿದೆ. ಮೊಬೈಲ್ ಬ್ಯಾಟರಿ ಮುಗಿದಾಗ ಅದರೊಳಗಿನ ಸಂಖ್ಯೆಗಳು ಕಾಣುವುದಿಲ್ಲ.

ವಂಚನೆಯ ಕರೆಗಳ ಬಗ್ಗೆ

‘ತಹಶೀಲ್ದಾರ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಪಿಂಚಣಿ ಮಂಜೂರಾಗಿದೆ, ಮೊಬೈಲ್‌ಗೆ ಬಂದ ಸಂಖ್ಯೆ ಹೇಳಿ’ ಎಂಬ ರೀತಿಯ ಕರೆಗಳು ವಂಚನೆಯ ಕರೆಗಳು. ಕಚೇರಿಯಿಂದ ಬರುವ ಕರೆಯಲ್ಲಿ ದಾಖಲೆಯ ಕೊರತೆ ತಿಳಿಸಬಹುದು, ದಿನಾಂಕ ತಿಳಿಸಬಹುದು, ಓ.ಟಿ.ಪಿ. ಹೇಳಲು, ಹಣ ವರ್ಗಾಯಿಸಲು, ಕೊಂಡಿ ಒತ್ತಲು ಕೇಳುವುದಿಲ್ಲ. ಸ್ಟಾರ್ ಚಿಹ್ನೆಯಿಂದ ಆರಂಭವಾಗುವ ಸಂಕೇತವನ್ನು ಒತ್ತಿ ಎಂದು ಹೇಳಿಸಿ ಅರ್ಜಿದಾರರಿಗೆ ಬರುವ ಎಲ್ಲ ಕರೆಗಳನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವ ವಂಚನೆಯೂ ವ್ಯಾಪಕವಾಗಿ ನಡೆದಿತ್ತು. ಈ ವಿಧಾನದ ಕರೆ ವರ್ಗಾವಣೆಯನ್ನು 2024ರ ಏಪ್ರಿಲ್ 15ರಿಂದ ಸ್ಥಗಿತಗೊಳಿಸುವಂತೆ ದೂರಸಂಪರ್ಕ ಇಲಾಖೆ ಆದೇಶಿಸಿತು. ಸಂಶಯವಿದ್ದಲ್ಲಿ ಕರೆಯನ್ನು ಕಡಿತಗೊಳಿಸಿ, ಕಚೇರಿಯ ಸಂಖ್ಯೆಗೆ ತಾವಾಗಿಯೇ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು. ಕೂಡಲೇ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇತರ ವಿಷಯಗಳು

ಶ್ರವಣ ಅಥವಾ ವಾಕ್ ದೋಷವುಳ್ಳವರು ದೂರವಾಣಿಯಲ್ಲಿಯೇ ವಿಚಾರಿಸಬೇಕೆಂಬ ಒತ್ತಾಯವಿಲ್ಲ. ಪತ್ರ ಅಥವಾ ಇ-ಮೇಲ್ ಮೂಲಕ ಕೇಳಬಹುದು, ಅಥವಾ ಮನೆಯವರಿಂದ ಕರೆ ಮಾಡಿಸಬಹುದು. ಬೇರೊಬ್ಬರ ಪರವಾಗಿ ಕರೆ ಮಾಡುವವರು ಸ್ವೀಕೃತಿ ಸಂಖ್ಯೆ ಹಾಗೂ ಅರ್ಜಿದಾರರೊಂದಿಗಿನ ಸಂಬಂಧವನ್ನು ತಿಳಿಸಬೇಕು. ಅರ್ಜಿಯ ಹಂತವನ್ನು ಹೇಳಬಹುದಾದರೂ ಆದಾಯ, ಜಾತಿ, ಖಾತೆಯ ವಿವರಗಳನ್ನು ಮೂರನೆಯವರಿಗೆ ದೂರವಾಣಿಯಲ್ಲಿ ಹೇಳಲಾಗುವುದಿಲ್ಲ. ಇದನ್ನು ಅಸಹಕಾರವೆಂದು ಭಾವಿಸಬಾರದು.

ಗುಳೆ ಹೋಗುವವರು ಸಾಮಾನ್ಯವಾಗಿ ಹೊಸ ಊರಿನಲ್ಲಿ ಹೊಸ ಸಿಮ್ ಖರೀದಿಸುತ್ತಾರೆ. ಅರ್ಜಿಯಲ್ಲಿ ಉಳಿಯುವುದು ಹಳೆಯ ಸಂಖ್ಯೆ. ಅರ್ಜಿ ಬಾಕಿ ಇರುವಾಗ ಮೊಬೈಲ್ ಸಂಖ್ಯೆ ಬದಲಾದಲ್ಲಿ ಸ್ವೀಕೃತಿಯ ಪ್ರತಿಯೊಂದಿಗೆ ಹೊಸ ಸಂಖ್ಯೆಯನ್ನು ಅರ್ಜಿ ಸಲ್ಲಿಸಿದ ಕೇಂದ್ರಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು. ಊರಿನಲ್ಲಿ ಉಳಿದ ಹಿರಿಯರ ಮೂಲಕವೂ ಈ ಪತ್ರವನ್ನು ಸಲ್ಲಿಸಬಹುದು.